ಗೋಡೆಯಾಚೆಯ ಅವರೆ

ನ್ಯಾಮತಿ
14-7-1982

ನಿರ್ಮಲಾ,

ಈ ಕಾಗದ ಬರೆಯಬೇಕೆಂದು ನನಗೇನೂ ಇರಲಿಲ್ಲ. ಬರೆಸುತ್ತಿದ್ದಾರೆ, ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ನನ್ನನ್ನು ಸ್ಕೂಲು ಬಿಡಿಸಿ ಎಮ್ಮೆಯ ಹಿಂದೆ ಕಳಿಸಿದವರು ಯಾರೂ ಈಗ ಬದುಕಿಲ್ಲ. ಇದ್ದಿದ್ದರೆ ಅವರ ಕೈಯಲ್ಲೇ ಬರೆಸುತ್ತಿದ್ದೆ. ಅಕ್ಷರ ಸೊಟ್ಟ ಇವೆ. ನಗುವುದಾದರೆ ಓದಬೇಡ.

ಬರೆಸುತ್ತಿರುವವಳು ನಮ್ಮ ಹಿತ್ತಲ ಗೋಡೆಯಾಚೆಯ ಚರ್ಚಿನ ಪಾದ್ರಿಯ ಹೆಂಡತಿ. ಕೃಪಮ್ಮ ಅಂತ ಹೆಸರು. ನೀನು ಹೋದ ಮೇಲೆ ಬಂದವರು, ನಿನಗೆ ಗೊತ್ತಿಲ್ಲ. ನೀನು ಜಗಳೂರಿನಿಂದ ಕಂಡಕ್ಟರನ ಕೈಯಲ್ಲಿ ಕಳಿಸಿದ ಶೇಂಗಾ ಚೀಲವನ್ನು ನಾನು ಬಸ್‌ಸ್ಟ್ಯಾಂಡಿನಿಂದ ಹೊತ್ತು ತರುವಾಗ ನೋಡಿದಳು. ಯಾರು ಕಳಿಸಿದ್ದು ಅಂದಳು. ಮಗಳು ಅಂದೆ. ಮುಟ್ಟಿತು ಅಂತ ಬರೆದಿರಾ ಅಂದಳು. ಇಲ್ಲ ಅಂದೆ. ಮಾರನೇ ದಿನ ನೋಡಿದರೆ ಗೋಡೆಯ ಮೇಲೆ ಒಂದು ಇನ್‌ಲ್ಯಾಂಡ್ ಲೆಟರ್ ಇಟ್ಟು, ಹಾರದಂತೆ ಅದರ ಮೇಲೊಂದು ಕಲ್ಲು ಹೇರಿ ಹೋಗಿದ್ದಾಳೆ. ಅಷ್ಟು ಆಸೆ ಇದ್ದರೆ ನೀನೇ ಬರೆದು ಹಾಕು ಎಂದು ಕೂಗಿ ಹೇಳಿದೆ.

"ಬರೀತೀನಿ ಬಿಡ್ರಿ. 'ನಿಮ್ಮ ತಾಯಿ ದಿನಾ ನಿಮ್ಮ ಮಾತೇ ಆಡ್ತಾರೆ' ಅಂತ ಬರೀತೀನಿ" ಅಂದಳು.

ಅಂಥ ಸುಳ್ಳು ಪೋಸ್ಟಿನಲ್ಲಿ ಹೋಗುವುದು ಬೇಡವೆಂದು ನಾನೇ ಕೂತಿದ್ದೇನೆ.

ಶೇಂಗಾ ಮುಟ್ಟಿತು. ಕಾಳು ಗಟ್ಟಿ ಇದೆ. ಹೋದ ಸಲದ ಜೋಳದಲ್ಲಿ ನುಸಿ ಇತ್ತು.

ಜಾಗ ಉಳಿದಿದೆ, ಖಾಲಿ ಬಿಟ್ಟರೆ ಪೋಸ್ಟಿನವರಿಗೆ ಲಾಭ. ಆ ಚರ್ಚಿನ ಕಾಂಪೌಂಡು ಹೇಗಿತ್ತೆಂದು ನಿನಗೆ ನೆನಪಿರಬೇಕು. ಕಾಂಗ್ರೆಸ್ ಗಿಡ ಎದೆಮಟ್ಟ, ಒಳಗೆ ಹಾವು. ಈ ಕೃಪಮ್ಮ ಬಂದವಳೇ ಹೆಂಗಸರನ್ನು ಗುಂಪು ಕಟ್ಟಿಕೊಂಡು ಎಲ್ಲ ಕಿತ್ತು ಸುಟ್ಟಳು. ಹೊಗೆ ಪೂರ್ತಿ ನಮ್ಮ ಮನೆಗೆ. ಬೈಯಲು ಗೋಡೆಯವರೆಗೆ ಹೋದೆ. "ನಿಮಗೂ ಒಂದು ಪಾತಿ ಬಿಟ್ಟೀನಿ, ಏನು ಹಾಕ್ತೀರಿ" ಅಂತ ಕೇಳಿದಳು. ಬೈಯಲು ಹೋದವಳಿಗೆ ಪಾತಿ ಕೊಡುವ ಜನವನ್ನು ಏನು ಮಾಡಬೇಕು?

ಅವರ ಕಟ್ಟಳೆ ಇದು: ಊರಿನಲ್ಲಿ ಯಾರು ಬೇಕಾದರೂ ಒಂದು ಪಾತಿ ಹಿಡಿದು ತರಕಾರಿ ಹಾಕಬಹುದು. ಚರ್ಚಿಗೆ ಬರಬೇಕೆಂದಿಲ್ಲ. ನೀರು ಚರ್ಚಿನ ಬಾವಿಯದು, ಯಾರ ಕೊಡವೂ ಇಳಿಯಬಹುದು. ಬೆಳೆದದ್ದರಲ್ಲಿ ಒಂದು ಬೊಗಸೆ ಮಾತ್ರ ಭಾನುವಾರದ ಗಡಿಗೆಗೆ ಹಾಕಬೇಕು. ಆ ಗಡಿಗೆಯ ಸಾರನ್ನು ಪೂಜೆ ಮುಗಿದ ಮೇಲೆ ಬಂದವರೆಲ್ಲ ಕೂತು ಉಣ್ಣುವುದು. ನನಗೆ ಪಾತಿಯೂ ಬೇಡ ಗಡಿಗೆಯೂ ಬೇಡ ಎಂದು ಹೇಳಿ ಬಂದೆ. ನಮ್ಮ ಹಿತ್ತಲಲ್ಲಿ ಮಳೆ ಬಿದ್ದ ಮಾರನೇ ದಿನವೇ ಚಪ್ಪರದವರೆ ಹಾಕಿದ್ದೇನೆ. ನಿನ್ನ ಅಜ್ಜಿ ಸಾಸ್ವೆಹಳ್ಳಿಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜದ್ದು. ಅಷ್ಟು ಸಾಕು ನನಗೆ.

ಮೇಲೆ ಚಿರಂಜೀವಿ ಸೌಭಾಗ್ಯವತಿ ಎಂದು ಬರೆಯಬೇಕಿತ್ತಂತೆ. ಮರೆತೆ. ಬದುಕಿರು, ಚೆನ್ನಾಗಿರು.

ಸಿದ್ದಲಿಂಗಮ್ಮ


ಜಗಳೂರು
2-8-1982

ಅವ್ವ,

ನಿನ್ನ ಕಾಗದ ಬಂತು. ವಿಳಾಸದ ಅಕ್ಷರ ಯಾರದೆಂದು ತಿಳಿಯದೆ, ಒಡೆಯದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದೆ. ನೀನು ಬರೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೆಳಗೆ 'ಸಿದ್ದಲಿಂಗಮ್ಮ' ಎಂದು ನೋಡಿ ಸೊಸೈಟಿಯವರ ನೋಟೀಸು ಬಂದ ಹಾಗಾಯಿತು. ಆದರೂ ಬಂತಲ್ಲ.

ಲಗ್ನವಾಗಿ ನಾಲ್ಕು ವರ್ಷಕ್ಕೆ ಇದು ನಿನ್ನಿಂದ ಮೊದಲ ಕಾಗದ. ಹಾಗಾಗಿ ಏನು ಬರೆದರೆ ನಿನಗೆ ಸಿಟ್ಟು ಬರುತ್ತದೆ, ಏನು ಬರೆದರೆ ಬರುವುದಿಲ್ಲ ಎನ್ನುವುದು ನನಗೆ ಮರೆತೇಹೋಗಿದೆ. ನಾವು ಚೆನ್ನಾಗಿದ್ದೇವೆ. ಇವರಿಗೆ ದನದ ಆಸ್ಪತ್ರೆಯಲ್ಲಿ ಕೆಲಸ ಹೆಚ್ಚು. ಬಿಳಿಚೋಡು ಕಡೆ ಕುರಿಗಳಿಗೆ ಬಾಯಿಬೇನೆ ಬಂದಿದೆ ಎಂದು ವಾರದಲ್ಲಿ ಮೂರ್ನಾಲ್ಕು ದಿನ ಸೈಕಲ್ಲಿನ ಮೇಲೇ ಇರುತ್ತಾರೆ. ಭಾನುವಾರ ಇಬ್ಬರೂ ಇಲ್ಲಿನ ಚರ್ಚಿಗೆ ಹೋಗುತ್ತೇವೆ. ನಾನು ಲಿಂಗ ಬಿಟ್ಟಿಲ್ಲ, ಇವರು ಬಿಡು ಎಂದೂ ಹೇಳಿಲ್ಲ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ಇಲ್ಲಿ ಮಳೆ ಕಡಿಮೆ, ಹಿತ್ತಲಲ್ಲಿ ಬರೀ ಕಲ್ಲು. ಆದರೂ ಅಜ್ಜಿಯ ಅವರೆ ಬೀಜ ನಾಲ್ಕು ಕಳಿಸುತ್ತೀಯಾ? ಹಾಕಿ ನೋಡುತ್ತೇನೆ. ಮಂಡಿನೋವು ಹೇಗಿದೆ?

ನಿನ್ನ ನಿರ್ಮಲ


ನ್ಯಾಮತಿ
24-8-1982

ನಿರ್ಮಲಾ,

ಬೀಜ ಬಟ್ಟೆಯ ಚೂರಿನಲ್ಲಿ ಹೊಲಿದು ಕಂಡಕ್ಟರನ ಕೈಗೆ ಕೊಟ್ಟಿದ್ದೇನೆ. ದಾವಣಗೆರೆಯಲ್ಲಿ ಬೇರೆ ಬಸ್ಸಿನವನಿಗೆ ದಾಟಿಸುತ್ತಾನೆ. ನೀನು ನಾಲ್ಕು ಕೇಳಿದ್ದೆ, ಮುಷ್ಟಿ ತುಂಬ ಹಾಕಿದ್ದೇನೆ. ನಾಲ್ಕರಲ್ಲಿ ಎರಡು ಇರುವೆಗೆ, ಒಂದು ಕೋಳಿಗೆ, ಉಳಿದದ್ದನ್ನು ನೀನು ತುಳಿಯುತ್ತೀ. ಬಚ್ಚಲ ನೀರು ಹರಿದು ಹೋಗುವ ಕಡೆ ಹಾಕು. ಸೋಪಿನ ನೀರಿಗೆ ಬೇರೆ ದಾರಿ ಮಾಡು. ಬೇರು ನೀರು ಕಂಡರೆ ಕಲ್ಲು ನೋಡುವುದಿಲ್ಲ.

ಇಲ್ಲಿ ಬಳ್ಳಿ ಗೋಡೆ ಹತ್ತಿದೆ. ನಮ್ಮ ಕಡೆ ಬೇವಿನ ಮರದ ನೆರಳು. ಚರ್ಚಿನ ಕಡೆ ಬಿಸಿಲು. ಅದಕ್ಕೆ ಅತ್ತಲೇ ಬಾಗುತ್ತದೆ. ಬೆಳಿಗ್ಗೆ ಕುಡಿಗಳನ್ನು ಇತ್ತ ತಿರುಗಿಸಿ ಬಾಳೆನಾರಿನಲ್ಲಿ ಕಟ್ಟುತ್ತೇನೆ, ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಅತ್ತ ಮುಖ. ನೆಟ್ಟವಳು ನಾನು, ನೀರು ಹೊಯ್ದವಳು ನಾನು, ಹೂ ಬಿಡುವುದು ಮಾತ್ರ ಅವರ ಅಂಗಳದಲ್ಲಿ. ಬಳ್ಳಿಯ ವಿಷಯ ಹೇಳುತ್ತಿದ್ದೇನೆ, ಬೇರೆ ಅರ್ಥ ಮಾಡಿಕೊಳ್ಳಬೇಡ.

ಅವರಲ್ಲಿ ಒಬ್ಬಳಿದ್ದಾಳೆ, ಉಡಚಮ್ಮ ಅಂತ. ಹೆಸರು ದೇವಿಯದು, ಹೋಗುವುದು ಚರ್ಚಿಗೆ. ಹೆಸರು ಬದಲಾಯಿಸಲಿಲ್ಲವೇನೇ ಎಂದು ಕೇಳಿದೆ. "ಅವ್ವ ಇಟ್ಟ ಹೆಸರು, ಬದಲಾಯಿಸಿದ್ರೆ ಅವ್ವ ಕರೆದಾಗ ಯಾರು ಓ ಅನ್ಬೇಕು ಅಮ್ಮಾರೇ" ಅಂದಳು. ಗಾರೆ ಕೆಲಸಕ್ಕೆ ಹೋಗುವವಳು. ಕೆರೆಯಂಗಳದ ಕೇರಿಯಲ್ಲಿ ಮನೆ. ನನ್ನ ಜೊತೆ ಮಾತಾಡುವಾಗ ಗೋಡೆಗೆ ಕೈ ತಾಗದಷ್ಟು ದೂರ ನಿಂತಿರುತ್ತಾಳೆ. ದೂರ ನಿಲ್ಲು ಎಂದು ನಾನು ಹೇಳಿಲ್ಲ. ಹತ್ತಿರ ಬಾ ಎಂದೂ ಹೇಳಿಲ್ಲ. ಅವಳು ಹಾಕಿದ ಬದನೆಗೆ ಜಿಗಿಹುಳ ಕೂತಿತ್ತು. ಬೆಳಗಿನ ಮಂಜು ಆರುವ ಮೊದಲು ಒಲೆಯ ಬೂದಿ ಎರಚೇ ದಡ್ಡಿ ಅಂದೆ. ಎರಚಿದಳು, ಹುಳ ಹೋಯಿತು. ಈಗ ಎಲ್ಲ ಪಾತಿಯವರೂ ಗೋಡೆ ಬಳಿ ಬಂದು ಎಲೆ ತೋರಿಸಿ ಅಮ್ಮಾರೇ ಇದಕ್ಕೇನು ಅದಕ್ಕೇನು ಎನ್ನುತ್ತಾರೆ. ಟೈಲರ್ ಸಾಬರ ಹೆಂಡತಿಯೂ ಒಂದು ಪಾತಿ ಹಿಡಿದಿದ್ದಾಳೆ. ಮಂಡಿಯಲ್ಲಿ ಹಮಾಲಿ ಮಾಡುತ್ತಿದ್ದ ಮುದುಕ ಚಿಕ್ಕಹನುಮಂತಪ್ಪನೂ ಹಿಡಿದಿದ್ದಾನೆ. ನನಗೆ ಪಾತಿ ಬೇಡವೆಂದು ಹೇಳಿದ್ದೆ. ಈಗ ಎಲ್ಲರ ಪಾತಿಯೂ ನನ್ನ ತಲೆಗೇ.

ಮಂಡಿನೋವು ಹಾಗೇ ಇದೆ.

ಸಿದ್ದಲಿಂಗಮ್ಮ


ನ್ಯಾಮತಿ
13-12-1982

ನಿರ್ಮಲಾ,

ನಿನ್ನ ಎರಡು ಕಾಗದ ಬಂದವು. ಉತ್ತರ ಬರೆಯಲಿಲ್ಲ. ಈ ನಡುವೆ ನೀನು ಕಳಿಸಿದ ಜೋಳವೂ ಮುಟ್ಟಿತು. ಈ ಸಲ ನುಸಿ ಇಲ್ಲ. ಕಳಿಸುವುದು ನಿನಗೆ ಬಿಟ್ಟದ್ದು.

ಜಗಳವಾಯಿತು, ಅದನ್ನು ಹೇಳಬೇಕು. ದೀಪಾವಳಿ ಮುಗಿದ ಭಾನುವಾರ ನನ್ನ ಅವರೆ ಬಳ್ಳಿಯಲ್ಲಿ ಗೋಡೆಯಾಚೆಯ ಕಾಯಿ ಒಂದೂ ಇಲ್ಲ. ಬೋಳು. ಸೆರಗು ಸಿಕ್ಕಿಸಿಕೊಂಡು ಗೇಟಿನಿಂದಲೇ ಒಳಗೆ ಹೋದೆ. ಆ ಗೇಟು ದಾಟಿದ್ದು ಹುಟ್ಟಿದಾರಭ್ಯ ಅದೇ ಮೊದಲು. ಮೂರು ಕಲ್ಲಿನ ಒಲೆಯ ಮೇಲೆ ಗಡಿಗೆ ಕುದಿಯುತ್ತಿತ್ತು, ಒಳಗೆ ನನ್ನ ಅವರೆ. ಯಾರ ಅಪ್ಪನ ಬಳ್ಳಿ ಎಂದು ತಿಳಿದು ಕಿತ್ತಿರಿ ಎಂದು ಕೇಳಿದೆ. ಪಾದ್ರಿ ಒಳ್ಳೆ ಮನುಷ್ಯ, ಚರ್ಚಿನ ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡ. ಕೃಪಮ್ಮ ಮಾತ್ರ ನಿಂತಳು. ಗೋಡೆಯ ಈಚೆ ಜೋತದ್ದು ಈಚೆಯವರದು ಅಂತ ನಮ್ಮ ಕಡೆ ರೂಢಿ, ನಿಮ್ಮ ಕಡೆ ಹಾಗಿಲ್ಲವೇ ಅಂದಳು. ಇಲ್ಲ ಅಂದೆ. ಹಾಗಾದರೆ ತಪ್ಪಾಯಿತು, ಇನ್ನು ಕೇಳಿ ಕೀಳುತ್ತೇವೆ ಅಂದಳು. ಸಿಟ್ಟು ಏರಿದ್ದವಳಿಗೆ ಎದುರಿನವರು ತಪ್ಪಾಯಿತು ಎಂದರೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ, ನೀನು ಯಾವತ್ತೂ ಹಾಗೆ ಅಂದವಳಲ್ಲ.

ಗಡಿಗೆ ನೋಡಿದೆ. ಉಡಚಮ್ಮ ಕಾಳಿಗೆ ಉಪ್ಪು ಹಾಕಲು ಹೊರಟಿದ್ದಳು. ಈಗ ಹಾಕಿದರೆ ಕಾಳು ಬೇಯುವುದಿಲ್ಲ ಕಣೇ, ಹಿಸುಕಿ ನೋಡಿ ಆಮೇಲೆ ಹಾಕು ಅಂದೆ. ಕಾಯಿ ತುರಿದದ್ದು ದಪ್ಪವಾಗಿತ್ತು. ಇನ್ನೊಂದು ಸಲ ಅರೆಸಿದೆ. ಅಷ್ಟರಲ್ಲಿ ಜನ ಬಂದು ಸಾಲು ಕೂತರು. ಮುತ್ತುಗದ ಎಲೆ, ಮುದ್ದೆ, ನನ್ನ ಅವರೆಯ ಸಾರು. ಟೈಲರನ ಹೆಂಡತಿ, ಅವಳ ಪಕ್ಕ ಉಡಚಮ್ಮನ ಅತ್ತೆ, ಅವಳ ಪಕ್ಕ ಚಿಕ್ಕಹನುಮಂತಪ್ಪ. ಯಾರು ಎಲ್ಲಿ ಕೂರಬೇಕು ಎಂದು ಯಾರೂ ಹೇಳುವುದಿಲ್ಲ. ಬಂದ ಹಾಗೆ ಕೂರುತ್ತಾರೆ. ಮೊದಲು ಬೆರಗಾಯಿತು, ಆಮೇಲೆ ಹೊಟ್ಟೆ ಹಸಿಯಿತು, ಎದ್ದು ಮನೆಗೆ ಬಂದು ಲಿಂಗಪೂಜೆ ಮಾಡಿ ಒಬ್ಬಳೇ ಉಂಡೆ.

ಅಂದಿನಿಂದ ಪ್ರತಿ ಭಾನುವಾರ ಕರೆಯುತ್ತಾರೆ. ಉಣ್ಣಲಿಕ್ಕಲ್ಲ, ಅಡಿಗೆ ನೋಡಿಕೊಳ್ಳಲಿಕ್ಕೆ. ಒಲೆ ಪಕ್ಕ ಕಲ್ಲಿನ ಮೇಲೆ ಕೂತು ಹೇಳುತ್ತೇನೆ, ಅವರು ಮಾಡುತ್ತಾರೆ. ಬಾಯಿಗೆ ಹಾಕುವುದಿಲ್ಲ. ಉಪ್ಪು ಖಾರ ಎಲ್ಲ ವಾಸನೆಯಲ್ಲೇ ಹೇಳುತ್ತೇನೆ. ಸರಿ ಐತಾ ಎಂದು ಕೇಳಿದರೆ ಭಾಳ ಸರಿ ಐತೆ ಅಮ್ಮಾರೇ ಎನ್ನುತ್ತಾರೆ. ಒಬ್ಬರೂ ಎಲೆಯಲ್ಲಿ ಬಿಡುವುದಿಲ್ಲ.

ಒಲ್ಲೆನೆಂದ ಪಾತಿಯಲ್ಲಿ ಕೊತ್ತಂಬರಿ ಹಾಕಿದ್ದೇನೆ. ಸುಮ್ಮನೆ ಬೀಳು ಬಿದ್ದಿತ್ತು, ನೋಡಲಾಗಲಿಲ್ಲ.

ನಿನ್ನ ಬಳ್ಳಿ ಹೂ ಬಿಟ್ಟಿತೇ? ಬಿಟ್ಟರೆ ಬೂದಿ ಎರಚು. ಹೇಳಿಕೊಡದೆ ಕಳಿಸಿದ್ದರಲ್ಲಿ ಅದೂ ಒಂದು.

ಸಿದ್ದಲಿಂಗಮ್ಮ


ನ್ಯಾಮತಿ
27-12-1982

ನಿರ್ಮಲಾ,

ಇನ್ನು ಆ ಗೇಟು ದಾಟುವುದಿಲ್ಲ. ಕೃಪಮ್ಮ ಗೋಡೆಯ ಮೇಲೆ ಲೆಟರು ಇಟ್ಟರೂ ಮುಟ್ಟುವುದಿಲ್ಲ. ಇದು ನಾನೇ ಪೋಸ್ಟಾಫೀಸಿಗೆ ಹೋಗಿ ತಂದದ್ದು.

ಮೊನ್ನೆ ಶನಿವಾರ ಅವರ ಹಬ್ಬ. ನಾನು ಬರುವೆನೆಂದು ಕೃಪಮ್ಮ ಅಂದಿನ ಅಡಿಗೆಗೆ ಕುರಿ ಬೇಡ, ತೋಟದಲ್ಲಿ ಬೆಳೆದದ್ದೇ ಸಾಕು, ಬೇಕಾದವರು ಸಂಜೆಗೆ ಮನೆಯಲ್ಲಿ ಮಾಡಿಕೊಳ್ಳಲಿ ಎಂದಳು. ಹಬ್ಬದ ದಿನಾನೂ ಕಾಳುಸಾರಾ ಎಂದು ಚಿಕ್ಕಹನುಮಂತಪ್ಪ ಮುಖ ಗಂಟು ಹಾಕಿಕೊಂಡ. ಅವನು ಅವರ ಪೈಕಿಯೂ ಅಲ್ಲ, ಆದರೂ ಬೇಜಾರು ಅವನಿಗೇ ಹೆಚ್ಚು. ಬೆಳಗಿನಿಂದ ಒಲೆ ಮುಂದೆ ಕೂತು ಮಾಡಿಸಿದೆ. ಅವರೆಕಾಳಿನ ಹುಳಿ, ಬದನೆ ಪಲ್ಯ, ಅಕ್ಕಿ ಪಾಯಸ. ಕಣ್ಣಿಗೆಲ್ಲ ಹೊಗೆ. ಎಲ್ಲರೂ ಕೂತರು. ಎಲೆ ಹಾಕುತ್ತಾ ಬಂದರು. ಸಾಲಿನ ತುದಿಯಲ್ಲಿ, ಗೋಡೆ ಪಕ್ಕ, ನಮ್ಮ ಬಳ್ಳಿಯ ನೆರಳಿನಲ್ಲಿ ಒಂದು ಜಾಗ ಖಾಲಿ ಇತ್ತು. ನಾನು ನೋಡಿದೆ. ನೋಡಿದೆ ಅಷ್ಟೇ, ಕೂರುತ್ತೇನೆ ಎಂದು ಹೇಳುತ್ತಿಲ್ಲ.

ಆಗ ಕೃಪಮ್ಮ ಮತ್ತು ಉಡಚಮ್ಮ ಒಂದು ಹೊಸ ಮೊರ ಹಿಡಿದು ಬಂದರು. ಅದರಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲದ ಅಚ್ಚು, ಬದನೆಕಾಯಿ, ಮೇಲೆ ನನ್ನದೇ ಪಾತಿಯ ಕೊತ್ತಂಬರಿ. ಎಲ್ಲ ಹಸಿ. ಪಡಿ. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣದವರು ಬಂದರೆ, ಹೋಗಿ ನೀವೇ ಮಾಡಿಕೊಳ್ಳಿ ಎಂದು ನಾವು ಕೊಡುವುದಿಲ್ಲವೇ, ಹಾಗೆ. ಇಬ್ಬರೂ ನಗುನಗುತ್ತಾ ನನ್ನ ಕೈಗೆ ಕೊಟ್ಟರು. ಎಲ್ಲರ ಎದುರಿಗೆ.

ತೆಗೆದುಕೊಂಡು ಬಂದೆ. ಮೊರ ಪಡಸಾಲೆಯಲ್ಲಿ ಹಾಗೇ ಇದೆ. ಕೊತ್ತಂಬರಿ ಬಾಡಿತು. ಮುಟ್ಟಿಲ್ಲ.

ಬೇಯಿಸಿದ್ದು ಬೇಡ ಎಂದವಳು ನೀನೇ ಅಲ್ಲವೇ ಎನ್ನುತ್ತೀಯೇನೋ. ಹೌದು. ಆದರೂ ಒಮ್ಮೆ ಕೇಳಬೇಕಿತ್ತು. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಕೇಳಬೇಕಿತ್ತು.

ನೀನೂ ಅಷ್ಟೇ. ಶೇಂಗಾ ಕಳಿಸುತ್ತೀ, ಜೋಳ ಕಳಿಸುತ್ತೀ, ಒಂದು ಸಲ ಹೆಸರುಕಾಳು ಕಳಿಸಿದ್ದೀ. ಎಲ್ಲ ಹಸಿ. ನಾನೇನು ಹೆಗಲಿಗೆ ಜೋಳಿಗೆ ಹಾಕಿಕೊಂಡು ನಿನ್ನ ಬಾಗಿಲಿಗೆ ಬಂದಿದ್ದೇನೆಯೇ? ಇನ್ನು ಚೀಲ ಕಳಿಸಬೇಡ.

ಸಿದ್ದಲಿಂಗಮ್ಮ


ಜಗಳೂರು
5-1-1983

ಅವ್ವ,

ಚೀಲ ಕಳಿಸುವುದಿಲ್ಲ.

ಆದರೆ ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ಆಮೇಲೆ ಬೈ. ಲಗ್ನಕ್ಕೆ ಮೊದಲು ಇವರನ್ನು ಕರೆದುಕೊಂಡು ನಾನು ಬಂದ ದಿನ ನೀನು ಹೊಸ್ತಿಲಲ್ಲಿ ನಿಂತಿದ್ದೆ. ಕೈಯಲ್ಲಿ ಜೋಳದ ಹಿಟ್ಟು ಇತ್ತು, ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದಿದ್ದೆ. "ಇನ್ಮೇಲೆ ನಿನ್ನ ಕೈಯಾಗಿನ ರೊಟ್ಟಿ ನನ್ನ ಬಾಯಿಗೆ ಬ್ಯಾಡ" ಅಂದೆ. ಬೇರೆ ಬೈಗುಳವೆಲ್ಲ ನನಗೆ ಮರೆತಿದೆ, ಇದೊಂದು ಮರೆತಿಲ್ಲ. ರೊಟ್ಟಿ ಬಡಿಯಲು ಕಲಿಸಿದವಳು ನೀನು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಅದಕ್ಕೇ ಹಸಿ ಕಳಿಸುತ್ತೇನೆ ಅವ್ವ. ಜೋಳ ಹಸಿಯಿದ್ದರೆ ಅದರ ಮೇಲೆ ಯಾರ ಕೈಯೂ ಇರುವುದಿಲ್ಲ. ನಿನ್ನ ಕೈಯಲ್ಲಿ ಹಿಟ್ಟಾಗಿ ನಿನ್ನ ಹಂಚಿನ ಮೇಲೆ ಬೆಂದರೆ ಅದು ನಿನ್ನ ರೊಟ್ಟಿಯೇ. ಹಾಗಾದರೂ ಉಣ್ಣುತ್ತೀ ಎಂದುಕೊಂಡೆ. ಹೋದ ಯುಗಾದಿಗೆ ಒಮ್ಮೆ ಧೈರ್ಯ ಮಾಡಿ ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಮಾಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಚೀಲದ ಬಾಯಿಗೆ ಇಟ್ಟೆ. ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಕಂಡಕ್ಟರ್ ಕೈ ಚಾಚಿದಾಗ ನೀನು ಗಂಟು ಬಿಚ್ಚಿ ನೋಡಿ ಎಮ್ಮೆಗೆ ಹಾಕುವುದು ಕಣ್ಣಿಗೆ ಬಂತು. ಗಂಟು ತೆಗೆದು ಅಲ್ಲೇ ಕೂತಿದ್ದ ಕುರಿಗಾಹಿ ಹೆಂಗಸಿಗೆ ಕೊಟ್ಟು ಜೋಳ ಮಾತ್ರ ಕಳಿಸಿದೆ.

ನಿನ್ನ ಕೃಪಮ್ಮನೂ ಉಡಚಮ್ಮನೂ ಯಾಕೆ ಪಡಿ ಕೊಟ್ಟರೋ ನನಗೆ ಗೊತ್ತಿಲ್ಲ. ನಾನು ಯಾಕೆ ಕೊಟ್ಟೆ ಎನ್ನುವುದು ಇದು.

ಬಳ್ಳಿ ಹೂ ಬಿಟ್ಟು ಕಾಯಿ ಕಚ್ಚಿದೆ. ಬಚ್ಚಲ ಕಲ್ಲಿನ ಸಂದಿಯಿಂದ ಎದ್ದು ಇವರ ಸೈಕಲ್ಲಿನ ಹ್ಯಾಂಡಲ್ಲು ಹಿಡಿದುಕೊಂಡಿತ್ತು. ಬಿಡಿಸಲು ಮನಸ್ಸಾಗದೆ ಇವರು ಎರಡು ದಿನ ನಡೆದೇ ಆಸ್ಪತ್ರೆಗೆ ಹೋದರು.

ನಿನ್ನ ನಿರ್ಮಲ


ನ್ಯಾಮತಿ
17-1-1983

ನಿರ್ಮಲಾ,

ಅಂದಿದ್ದೆ. ಇಲ್ಲ ಎನ್ನುವುದಿಲ್ಲ. ಸಿಟ್ಟಿನಲ್ಲಿ ನಾನು ಏನೇನು ಅಂದಿಲ್ಲ? ನಿಮ್ಮಪ್ಪನಿಗೆ ಲಗ್ನವಾದ ವರ್ಷವೇ ಮಣ್ಣಾಗಿ ಹೋಗ್ರಿ ಅಂದಿದ್ದೆ. ಅವರು ಆಮೇಲೆ ನಿನ್ನನ್ನು ಪಡೆದು, ಓದಿಸಿ, ಮುದುಕರಾಗಿ ಹೋದರು. ದಿನಾ ನನ್ನ ಎದುರೇ ಉಣ್ಣುತ್ತಿದ್ದರು. ಅವರಿಗೆ ತಿಳಿದದ್ದು ನಿನಗೆ ತಿಳಿಯಲಿಲ್ಲ. ಎಮ್ಮೆಗೆ ಹಾಕುತ್ತೇನೆ ಅಂದುಕೊಂಡೆಯಾ? ಎಮ್ಮೆ ಮಾರಿ ಎರಡು ವರ್ಷವಾಯಿತು.

ಈಗ ಇಲ್ಲಿಯದು ಕೇಳು. ಆ ಮೊರ ಪಡಸಾಲೆಯಲ್ಲೇ ಇತ್ತು. ಹೊಸ ವರ್ಷದ ಎರಡನೇ ದಿನ ಭಾನುವಾರ, ನಾನು ಹೋಗಲಿಲ್ಲ. ಮಧ್ಯಾಹ್ನ ಉಡಚಮ್ಮ ನಮ್ಮ ಮುಂಬಾಗಿಲಿಗೆ ಬಂದಳು. ಅಂಗಳದಲ್ಲೇ ನಿಂತಳು. ಜಗಲಿ ಮೇಲೆ ಕೂರು ಅಂದೆ. ಕೂರಲಿಲ್ಲ. ಕೂರೇ ಅಂದೆ. ತುದಿಯಲ್ಲಿ ಕೂತಳು. ಬಾಗಿಲಿನಿಂದ ಮೊರ ಕಾಣುತ್ತಿತ್ತು, ಅಕ್ಕಿ ಹಾಗೇ ಇದ್ದದ್ದೂ ಕಂಡಿತು. ಪಡಿ ಕೊಟ್ಟದ್ದು ಯಾರ ಬುದ್ಧಿ ಎಂದು ಕೇಳಿದೆ. ತನ್ನದೇ ಅಂದಳು. ಎಲೆ ಹಾಕೋಣ ಎಂದು ಕೃಪಮ್ಮ ಹೇಳಿದ್ದಳಂತೆ, ಇವಳೇ ಬೇಡ ಅಂದಳಂತೆ.

ಯಾಕೆ ಅಂದೆ. ಸೆರಗಿನ ಅಂಚು ತಿರುವುತ್ತಾ ಹೇಳಿದಳು.

"ನೀವು ಬೈದ್ರೆ ತಡ್ಕೊಳ್ಳಾಕೆ ಬರ್ತದೆ ಅಮ್ಮಾರೇ, ಅದು ರೂಢಿ ಐತೆ. ಎಲೆ ಹಾಕಿ, ಬಡಿಸಿ, ನೀವು ಮುಟ್ಟದೆ ಎದ್ದು ಹೋದ್ರೆ ಅದನ್ನ ಹೆಂಗೆ ತಡ್ಕೊಳ್ಳೋದು? ಅದಕ್ಕೆ ಮೊರ ಕೊಟ್ವಿ. ಮೊರ ಆದ್ರೆ ಮನಿಗೆ ಒಯ್ತೀರಿ, ಒಲ್ಲೆ ಅನ್ನಾಂಗಿಲ್ಲ."

ಒಳಗೆ ಹೋಗಿ ನೀರು ತಂದು ಕೊಟ್ಟೆ. ನಮ್ಮ ಲೋಟದಲ್ಲಿ. ಎತ್ತಿ ಕುಡಿಯಬೇಡ, ಕಚ್ಚಿಯೇ ಕುಡಿ, ಮೈಮೇಲೆಲ್ಲ ಚೆಲ್ಲಿಕೊಳ್ಳುತ್ತೀ ಅಂದೆ. ಕುಡಿದಳು. ನಿನ್ನ ಕಾಗದ ಬಂದದ್ದು ಅದಾದ ಮೇಲೆ. ಓದಿ, ನೀನೂ ಉಡಚಮ್ಮನೂ ಎಲ್ಲಿ ಕೂತು ಮಾತಾಡಿಕೊಂಡಿರಿ ಅನಿಸಿತು.

ಒಂಬತ್ತನೇ ತಾರೀಕಿನ ಭಾನುವಾರ ಗೇಟು ದಾಟಿ ಹೋಗಿ, ಒಲೆ ಹತ್ತಿರ ಹೋಗದೆ, ಸಾಲಿನ ತುದಿಯಲ್ಲಿ ಬಳ್ಳಿಯ ನೆರಳಿಗೆ ಕೂತೆ. ಲಿಂಗಪೂಜೆ ಮನೆಯಲ್ಲೇ ಮುಗಿಸಿ ಹೋಗಿದ್ದೆ. ಚಿಕ್ಕಹನುಮಂತಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದ. ಉಡಚಮ್ಮ ಎಲೆ ತಂದಳು. ಬಡಿಸೇ, ಹಸಿವಾಗಿದೆ ಅಂದೆ. ಮುದ್ದೆ ಇಟ್ಟಳು, ಸಾರು ಬಿಟ್ಟಳು. ಮುರಿದು, ಅದ್ದಿ, ನುಂಗಿದೆ.

ಉಪ್ಪು ಇಲ್ಲ.

ಕಡಿಮೆ ಅಲ್ಲ ನಿರ್ಮಲಾ, ಇಲ್ಲವೇ ಇಲ್ಲ ಎನ್ನಬೇಕು. ದೀಪಾವಳಿಯಿಂದ ನಾನು ವಾಸನೆ ನೋಡಿ ಹೇಳಿದ್ದೇ ಇಷ್ಟು ಉಪ್ಪು. ನಾನಿಲ್ಲದ ದಿನವೂ ಅದೇ ಲೆಕ್ಕದಲ್ಲೇ ಹಾಕುತ್ತಿದ್ದಾರೆ. ಇಷ್ಟು ದಿನ ಇಡೀ ಸಾಲು ಈ ಸಪ್ಪೆ ಸಾರನ್ನು ಉಂಡು, ಎಲೆ ಒರೆಸಿ, ಭಾಳ ಸರಿ ಐತೆ ಅಮ್ಮಾರೇ ಎನ್ನುತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ಮುಂಡೇವು. ಯಾಕೆ ಹೇಳಲಿಲ್ಲ ಎಂದು ಕೃಪಮ್ಮನನ್ನು ಕೇಳಿದೆ. ಹೇಳಿದ್ರೆ ನೀವು ಬರೋದು ನಿಲ್ಲಿಸ್ತಿದ್ರಿ ಅಂದಳು. ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ನಗು ಬಂದಿತ್ತು. ನಗುವೇ ಬಂದಿತ್ತು ಎಂದಿಟ್ಟುಕೋ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಎಲ್ಲರ ಎಲೆಯ ತುದಿಗೂ ಒಂದೊಂದು ಚಿಟಿಕೆ ಉಪ್ಪು ನಾನೇ ಬಡಿಸಿಕೊಂಡು ಬಂದೆ.

ಸುದ್ದಿ ಚನ್ನಗಿರಿಯವರೆಗೆ ಹೋಯಿತು. ನಿಮ್ಮ ಚಿಕ್ಕಪ್ಪ ಕಲ್ಲೇಶಪ್ಪ ಅಡಿಕೆ ವ್ಯಾಪಾರ ಬಿಟ್ಟು ಸಂಕ್ರಾಂತಿಯ ಮಾರನೇ ದಿನ ಬಂದ. ಅತ್ತಿಗೆ ಕಂಡವರ ಜೊತೆ ಸಾಲಿನಲ್ಲಿ ಕೂತು ಉಂಡಳೆಂದು ಅವನಿಗೆ ಮುಖ ತೋರಿಸಲಾಗುತ್ತಿಲ್ಲವಂತೆ. ಚೈತ್ರದಲ್ಲಿ ಅವನ ಮಗಳ ಮದುವೆಗೆ ನನಗೆ ಎಲೆ ಇಲ್ಲವಂತೆ. ಇಲ್ಲದಿದ್ದರೆ ಬಿಡು, ನನ್ನ ಎಲೆ ಗೋಡೆಯಾಚೆ ಇದೆ ಅಂದೆ. ನೀನು ಹೋದಾಗ ನಾನು ಅವನ ಮಾತು ಕೇಳಿದ್ದೆ. ಒಂದು ಸಲ ಕೇಳಿದ್ದು ಸಾಕು. ಅವನು ಎಳ್ಳುಬೆಲ್ಲವನ್ನೂ ಮುಟ್ಟದೆ ಹೋದ. ನನಗೆ ಮೈ ಉರಿಯಿತು, ಆದರೆ ಆಮೇಲೆ ಉಂಡೆ.

ಈಗ ಕೆಲಸದ ಮಾತು. ಫೆಬ್ರವರಿ ಆರನೇ ತಾರೀಕು ಭಾನುವಾರ ಇಲ್ಲಿನ ಚರ್ಚಿನಲ್ಲಿ ಸುಗ್ಗಿ ಹಬ್ಬ. ಪ್ರತಿ ವರ್ಷ ಹೊಲದ ಮೊದಲ ಫಲ ತಂದಿಟ್ಟು ಹರಾಜು ಕೂಗುತ್ತಿದ್ದರಂತೆ. ಈ ವರ್ಷ ಹರಾಜು ಇಲ್ಲ. ಪಾತಿ ಹಿಡಿದವರೆಲ್ಲ ಒಂದೊಂದು ಅಡಿಗೆ ತಮ್ಮ ತಮ್ಮ ಮನೆಯ ಒಲೆಯ ಮೇಲೆ ಮಾಡಿ ತರಬೇಕು, ಎಲ್ಲ ಕಲೆತು ಉಣ್ಣಬೇಕು. ಯಾರ ಒಲೆ, ಏನು ಎಂದು ಕೇಳಬಾರದು. ಟೈಲರನ ಹೆಂಡತಿ ಕುಂಬಳಕಾಯಿಯ ಸಿಹಿ ಮಾಡುತ್ತಾಳಂತೆ. ಉಡಚಮ್ಮ ಹುಚ್ಚೆಳ್ಳು ಚಟ್ನಿ. ನನ್ನನ್ನು ಕೇಳಿದರು. ನನ್ನದು ಜಗಳೂರಿನಿಂದ ಬರುತ್ತದೆ ಎಂದು ಹೇಳಿಬಿಟ್ಟಿದ್ದೇನೆ. ಎಲ್ಲರ ಎದುರಿಗೆ ಹೇಳಿದ್ದೇನೆ, ಇನ್ನು ನನ್ನ ಮಾನ ನಿನ್ನ ಕೈಯಲ್ಲಿದೆ.

ನಿನ್ನ ಹಿತ್ತಲ ಅವರೆ ಕಿತ್ತು ಪಲ್ಯ ಮಾಡು. ಈರುಳ್ಳಿ ಹಾಕಬೇಡ, ದಾವಣಗೆರೆ ದಾಟುವಷ್ಟರಲ್ಲಿ ಹಳಸುತ್ತದೆ. ರೊಟ್ಟಿ ಹಿಂದಿನ ದಿನವೇ ಬಡಿದು ಒಣಗಿಸು. ತೆಳ್ಳಗೆ ಬಡಿ, ನೀನು ಯಾವಾಗಲೂ ಅಂಚು ದಪ್ಪ ಬಿಡುತ್ತೀ. ಬಿಳಿ ಬಟ್ಟೆಯಲ್ಲೇ ಕಟ್ಟು. ಬಸ್‌ಸ್ಟ್ಯಾಂಡಿನಲ್ಲಿ ಕುರಿಗಾಹಿ ಹೆಂಗಸು ಕೈ ಚಾಚಿದರೆ ಅವಳಿಗೆ ಬೇರೆ ಕೊಡು, ಆ ಗಂಟು ಬಿಚ್ಚಬೇಡ. ಕಂಡಕ್ಟರನ ಕೈಗೂ ಕೊಡಬೇಡ. ನಿನ್ನ ಕೈಯಲ್ಲೇ ಬರಬೇಕು. ಮೊದಲು ನಮ್ಮ ಹೊಸ್ತಿಲು, ಆಮೇಲೆ ಅವರ ಗೇಟು.

ನಿನ್ನ ಗಂಡ ಜಯಶೀಲನೂ ಬರಲಿ. ಕುರಿಗಳಿಗೆ ಒಂದು ದಿನ ರಜೆ ಹೇಳಲಿ. ಬಳ್ಳಿಗಾಗಿ ನಡೆದುಕೊಂಡು ಹೋದವನನ್ನು ನಾನು ಒಮ್ಮೆ ಸರಿಯಾಗಿ ನೋಡಬೇಕು. ಅಂದು ಅವನ ಮುಖ ನೋಡಿರಲಿಲ್ಲ, ನಿನ್ನದೇ ನೋಡುತ್ತಿದ್ದೆ.

ಆ ಮೊರದ ಅಕ್ಕಿ ಇನ್ನೂ ಹಾಗೇ ಇಟ್ಟಿದ್ದೇನೆ. ನೀನು ಬಂದ ಸಂಜೆ ಅದನ್ನೇ ಬೇಯಿಸುತ್ತೇನೆ. ಒಬ್ಬಳಿಗೆ ಅದು ಹೆಚ್ಚು.

ಉಡಚಮ್ಮ ಊಟಕ್ಕೆ ಮುತ್ತುಗದ ಎಲೆ ಹಚ್ಚಲು ಕೂತಿದ್ದಾಳೆ, ನಮ್ಮ ಜಗಲಿಯ ಮೇಲೇ. ಎಷ್ಟು ಹಚ್ಚಲಿ ಎಂದು ದಿನಾ ತಲೆ ತಿನ್ನುತ್ತಾಳೆ. ಬರುತ್ತೀಯೋ ಇಲ್ಲವೋ, ಒಂದು ಕಾರ್ಡಿನಲ್ಲಿ ಬರೆ, ಉದ್ದ ಬೇಡ. ಜನವರಿ ಇಪ್ಪತ್ತೆಂಟನೇ ತಾರೀಕಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅವ್ವ